ಲೆಕ್ಕ ಬರೆಯುವವರಿಗೆ ಕಡಿಮೆ, ನಮಗೆ ಯಾಕೆ ಜಾಸ್ತಿ?

ಬಳ್ಳಾರಿಯಲ್ಲಿ ವಿಮೆ ಮಾಡಿಸುವ ಕೆಲಸದಲ್ಲಿರುವ ನನಗೆ ಮದುವೆಮನೆಯ ಪಂಕ್ತಿಯಲ್ಲೂ ಬಿಡದೆ ಎದುರಾಗುವ ಪ್ರಶ್ನೆಯೊಂದಿದೆ. ಅಪಘಾತದಲ್ಲಿ ಕೈಕಾಲು ಹೋದರೆ ಹಣ ಕೊಡುವ ಪಾಲಿಸಿಗೆ ಮೊತ್ತವೂ ಒಂದೇ, ವಯಸ್ಸೂ ಒಂದೇ ಇರುವಾಗ ಮೇಷ್ಟ್ರಿಗೆ ಪ್ರೀಮಿಯಂ ಕಡಿಮೆ, ನಮಗೆ ಯಾಕೆ ಜಾಸ್ತಿ? ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಆದ್ದರಿಂದ ಇಲ್ಲಿ ಬರೆದಿಡುತ್ತೇನೆ.

ಉತ್ತರ ದೊಡ್ಡದೇನಲ್ಲ. ವೈಯಕ್ತಿಕ ಅಪಘಾತ ವಿಮೆಯ ಬೆಲೆ ನಿಮ್ಮ ವಯಸ್ಸಿಗಿಂತ ಹೆಚ್ಚಾಗಿ ನಿಮ್ಮ ಕೆಲಸವನ್ನು ನೋಡುತ್ತದೆ. ಕಂಪನಿಗಳು ಕೆಲಸಗಳನ್ನು ಸಾಮಾನ್ಯವಾಗಿ ಮೂರು ವರ್ಗ ಮಾಡುತ್ತವೆ. ಶಿಕ್ಷಕರು, ವಕೀಲರು, ವೈದ್ಯರು, ಬ್ಯಾಂಕಿನವರು, ಲೆಕ್ಕಪತ್ರ ನೋಡುವವರು ಮೊದಲನೆಯ ವರ್ಗ. ಕಟ್ಟಡದ ಗುತ್ತಿಗೆದಾರರು, ಯಂತ್ರ ನಡೆಸುವವರು, ಗ್ಯಾರೇಜಿನ ಮೆಕ್ಯಾನಿಕ್‌ಗಳು, ಲಾರಿ ಚಾಲಕರು, ಮೈಮುರಿದು ದುಡಿಯುವ ಹೆಚ್ಚಿನವರು ಎರಡನೆಯ ವರ್ಗ. ನೆಲದಡಿಯ ಗಣಿಯಲ್ಲಿ ಇಳಿಯುವವರು, ಸ್ಫೋಟಕ ಮುಟ್ಟುವವರು, ಹೈಟೆನ್ಷನ್ ವಿದ್ಯುತ್ ಮಾರ್ಗದಲ್ಲಿ ಕೆಲಸ ಮಾಡುವವರು, ಕುದುರೆ ಜಾಕಿಗಳು, ಸರ್ಕಸ್ಸಿನವರು ಮೂರನೆಯ ವರ್ಗ. ಯಾವ ಕೆಲಸ ಎಲ್ಲಿಗೆ ಎಂಬುದು ಕಂಪನಿಯಿಂದ ಕಂಪನಿಗೆ ಅಷ್ಟಿಷ್ಟು ಬದಲಾಗುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿಯೊಳಗೆ ಇಳಿಯುವವರೂ ಅದೇ ಗಣಿಯ ಕಚೇರಿಯಲ್ಲಿ ಸಂಬಳದ ಪಟ್ಟಿ ಮಾಡುವವರೂ ಒಂದೇ ಸಂಸ್ಥೆಯ ನೌಕರರಾದರೂ ವಿಮೆಯ ಲೆಕ್ಕದಲ್ಲಿ ಬೇರೆ ಬೇರೆ. ವರ್ಗ ಏರಿದಂತೆ ಪ್ರೀಮಿಯಂ ಏರುತ್ತದೆ. ಮೂರನೆಯ ವರ್ಗಕ್ಕೆ ಕೆಲವು ಕಂಪನಿಗಳು ಪಾಲಿಸಿಯನ್ನೇ ಕೊಡುವುದಿಲ್ಲ. ಇನ್ನು ಕೆಲವು ಕೊಟ್ಟರೂ, ಗಾಯಗೊಂಡು ಮನೆಯಲ್ಲಿ ಮಲಗಿದಾಗ ವಾರವಾರ ಹಣ ಕೊಡುವ ಸೌಲಭ್ಯವನ್ನು ಕೈಬಿಡುತ್ತವೆ.

ಇದು ಮಾನ ಅವಮಾನದ ಮಾತಲ್ಲ. "ಕೂಲಿಯವರು ಅಂದ್ರ ನಿಮಗ ಅಷ್ಟು ಸದರ ಏನ್ರಿ?" ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೆ: ಲಕ್ಷಗಟ್ಟಲೆ ಗಳಿಸುವ ಜಾಕಿ ಮೂರನೆಯ ವರ್ಗದಲ್ಲಿದ್ದಾನೆ, ಅವನಷ್ಟು ಗಳಿಸದ ಗುಮಾಸ್ತ ಮೊದಲನೆಯದರಲ್ಲಿದ್ದಾನೆ.

ಪ್ರಶ್ನೆಗಿಂತ ಅದರ ಹಿಂದೆಯೇ ಬರುವ ಸಲಹೆ ನನ್ನನ್ನು ಹೆಚ್ಚು ಕೆರಳಿಸುತ್ತದೆ. "ಹಂಗಾದ್ರ ಬ್ಯಾರೆ ಏನಾದ್ರೂ ಬರೀರಿ, ಯಾರು ಬಂದು ನೋಡ್ತಾರ?" ಯಾರೂ ನೋಡುವುದಿಲ್ಲ ಎಂಬುದು ನಿಜ. ಪ್ರೀಮಿಯಂ ಕಟ್ಟುವ ದಿನ ಯಾರೂ ನೋಡುವುದಿಲ್ಲ. ನೋಡುವುದು ಕ್ಲೇಮು ಹಾಕಿದ ದಿನ, ಆಸ್ಪತ್ರೆಯ ಕಾಗದದಲ್ಲಿ "ಕೆಲಸದ ಸ್ಥಳದಲ್ಲಿ ಯಂತ್ರಕ್ಕೆ ಸಿಕ್ಕು" ಎಂಬ ಸಾಲು ಕಂಡಾಗ.

ಕೌಲ್‌ಬಜಾರಿನ ಕಡೆ ಜೀನ್ಸ್ ಹೊಲಿಯುವ ಒಂದು ಶೆಡ್ಡಿಗೆ ಹೋಗಿದ್ದೆ. ಅಲ್ಲಿ ಕಟಿಂಗ್ ಮಾಸ್ಟರ್ ಮತ್ತು ಲೆಕ್ಕ ಬರೆಯುವವರು ಇಬ್ಬರೂ ಹತ್ತು ಹತ್ತು ಲಕ್ಷದ ಪಾಲಿಸಿ ಕೇಳಿದ್ದರು. ನಾನು ಎರಡು ಬೇರೆ ದರ ಹೇಳಿದ ಕೂಡಲೇ ಮಾಸ್ಟರು ಎಲ್ಲರಿಗೂ ಕೇಳುವಂತೆ ಹೇಳಿದರು: "ಅಲ್ಲ ಸರ್, ಇಬ್ರೂ ಒಂದಾ ಶೆಡ್ಡಿನ್ಯಾಗ ಇರ್ತೀವಿ. ಶೆಡ್ ಬಿದ್ರ ಇಬ್ರ ಮ್ಯಾಲೂ ಬೀಳ್ತದ." ಶೆಡ್ಡಿನಲ್ಲಿ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಈ ಪಾಲಿಸಿ ದಿನದ ಇಪ್ಪತ್ನಾಲ್ಕು ಗಂಟೆಯೂ ನಡೆಯುತ್ತದೆ, ರಸ್ತೆಯಲ್ಲಿ ಬೈಕಿನಿಂದ ಬಿದ್ದರೂ ಅನ್ವಯಿಸುತ್ತದೆ, ಮತ್ತು ರಸ್ತೆಯ ಅಪಾಯ ಇಬ್ಬರಿಗೂ ಸಮ. ಆದರೆ ಉಳಿದ ಅರ್ಧ ನನ್ನ ಕಣ್ಣೆದುರೇ ಇತ್ತು. ಉದ್ದನೆಯ ಮೇಜಿನ ಮೇಲೆ ಡೆನಿಮ್ ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿತ್ತು, ಮೇಲಿನ ಪದರದಲ್ಲಿ ಸೀಮೆಸುಣ್ಣದ ಗುರುತು. ಮಾಸ್ಟರು ಬಲಗೈಯಿಂದ ಕಟಿಂಗ್ ಮಷೀನನ್ನು ಗುರುತಿನ ಗುಂಟ ತಳ್ಳುತ್ತಿದ್ದರು, ಎಡಗೈಯಿಂದ ಬಟ್ಟೆ ಜಾರದಂತೆ ಒತ್ತಿ ಹಿಡಿದಿದ್ದರು. ತೊಡೆಯ ಬಾಗು ಬಂದಲ್ಲಿ ಎಡಗೈಯ ಹೆಬ್ಬೆರಳು ಬ್ಲೇಡಿನ ಮುಂದೆಯೇ ಸಾಗುತ್ತಿತ್ತು. ಉಕ್ಕಿನ ಜಾಲರಿಯ ಕೈಗವಸು ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಅದನ್ನು ಹಾಕಿಕೊಂಡರೆ ಬಟ್ಟೆಯ ಹಿಡಿತ ಸಿಗುವುದಿಲ್ಲವಂತೆ.

"ಸೂಪರ್‌ವೈಸರ್ ಅಂತ ಬರೀರಿ" ಎಂದರು. ನಾನು ಒಪ್ಪಲಿಲ್ಲ, ಇನ್ನು ಮುಂದೆಯೂ ಒಪ್ಪುವುದಿಲ್ಲ. ವಿಮೆಯ ಕರಾರು ಪ್ರಸ್ತಾವನಾ ಪತ್ರದಲ್ಲಿ ಬರೆದ ಮಾತಿನ ಮೇಲೆ ನಿಂತಿದೆ. ಅಲ್ಲಿ ಕೆಲಸವನ್ನು ಮರೆಮಾಚಿದರೆ ಕಂಪನಿಗೆ ಕ್ಲೇಮನ್ನು ತಿರಸ್ಕರಿಸುವ ದಾರಿ ಸಿಗುತ್ತದೆ. ಕೆಲಸ ಬದಲಾದಾಗ ತಿಳಿಸಬೇಕೆಂಬ ಷರತ್ತೂ ಹೆಚ್ಚಿನ ಪಾಲಿಸಿಗಳಲ್ಲಿದೆ. ಅಂಗಡಿ ಬಿಟ್ಟು ಸಂಡೂರಿನ ಅದಿರು ಲಾರಿ ಹತ್ತಿದವರು ಒಂದು ಪತ್ರ ಕೊಡದೆ ಸುಮ್ಮನಿದ್ದರೆ, ವರ್ಷಗಟ್ಟಲೆ ಕಟ್ಟಿದ ಪ್ರೀಮಿಯಂ ಬೇಕಾದ ಹೊತ್ತಿಗೆ ನೆರವಿಗೆ ಬರಲಿಕ್ಕಿಲ್ಲ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಲಕ್ಷಗಳನ್ನು ಪಣಕ್ಕಿಡಬೇಡಿ ಎಂದು ನಾನು ಬೇಡಿಕೊಳ್ಳುವುದು ನನ್ನ ಕಮಿಷನ್ನಿಗಾಗಿ ಅಲ್ಲ.

ಕೆಲಸ ನೋಡದೆ ಕೊಡುವ ವಿಮೆಯೂ ಇದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 18ರಿಂದ 70 ವರ್ಷದ ಎಲ್ಲರಿಗೂ ವರ್ಷಕ್ಕೆ 20 ರೂಪಾಯಿ. ಸಾವಿಗೆ ಮತ್ತು ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಹೋದರೆ 1 ಲಕ್ಷ. ಇ.ಎಸ್.ಐ. ಎಂಬ ನೌಕರರ ರಾಜ್ಯ ವಿಮೆಗೂ ನೌಕರರ ಪಾಲು ಕೂಲಿಯ ಶೇ. 0.75, ಯಾವ ಕೆಲಸವಾದರೂ ಅಷ್ಟೇ. ಇವೆರಡೂ ಇದ್ದರೆ ಒಳ್ಳೆಯದು. ಆದರೆ 20 ರೂಪಾಯಿಯ ಯೋಜನೆ ಬೆರಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ತುಂಡು ಲೆಕ್ಕದಲ್ಲಿ ದುಡಿಯುವ ಅನೇಕರ ಹೆಸರು ಇ.ಎಸ್.ಐ. ಪಟ್ಟಿಯಲ್ಲೇ ಇಲ್ಲ.

ನಿಜವಾಗಿ ಆ ಮಾಸ್ಟರು ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ. ಪ್ರೀಮಿಯಂ ಹಾಕುವಾಗ ನನ್ನ ಕೆಲಸ ಕೇಳುತ್ತೀರಿ, ಪರಿಹಾರ ಕೊಡುವಾಗಲೂ ನನ್ನ ಕೆಲಸ ಕೇಳುತ್ತೀರಾ?

ಇಲ್ಲ, ಕೇಳುವುದಿಲ್ಲ. ಪಾಲಿಸಿಯ ಹಿಂಬದಿಯಲ್ಲಿ ಒಂದು ಪಟ್ಟಿ ಇರುತ್ತದೆ. ರೂಢಿಯ ಪಟ್ಟಿಯಲ್ಲಿ ಒಂದು ಕೈ ಪೂರ್ತಿ ಹೋದರೆ ವಿಮಾ ಮೊತ್ತದ ಶೇ. 50, ಹೆಬ್ಬೆರಳು ಪೂರ್ತಿ ಹೋದರೆ ಶೇ. 25, ತೋರುಬೆರಳಿಗೆ ಶೇ. 10. ಹತ್ತು ಲಕ್ಷದ ಪಾಲಿಸಿಯಲ್ಲಿ ಹೆಬ್ಬೆರಳಿಗೆ ಎರಡೂವರೆ ಲಕ್ಷ, ಮಾಸ್ಟರಿಗೂ ಅಷ್ಟೇ, ಲೆಕ್ಕ ಬರೆಯುವವರಿಗೂ ಅಷ್ಟೇ. ಎಡಗೈ ಹೆಬ್ಬೆರಳು ಹೋದ ಲೆಕ್ಕಿಗರು ಗಾಯ ಮಾಗಿದ ಮೇಲೆ ಅದೇ ಕುರ್ಚಿಗೆ ಮರಳುತ್ತಾರೆ. ಮಾಸ್ಟರಿಗೆ ಆ ಮೇಜಿನ ಬಳಿ ಮತ್ತೆ ಜಾಗವಿಲ್ಲ. ಪೂರ್ಣ ಅಂಗವೈಕಲ್ಯ ಎಂದು ಕೇಳೋಣವೆಂದರೆ, ಅದರ ವ್ಯಾಖ್ಯೆಯಲ್ಲಿ "ಯಾವುದೇ ಬಗೆಯ ಉದ್ಯೋಗ ಮಾಡಲಾಗದ ಸ್ಥಿತಿ" ಎಂದಿರುತ್ತದೆ. ವಾಚ್‌ಮನ್ ಆಗಿ ಕೂರಬಲ್ಲವರಿಗೆ ಅದು ದಕ್ಕುವುದಿಲ್ಲ. ಹೆಚ್ಚಿನ ದರ ಕೊಟ್ಟವರಿಗೆ, ಕೆಲಸದ ಕಾರಣಕ್ಕೇ ಹೆಚ್ಚು ಕಳೆದುಕೊಂಡಾಗ, ಹೆಚ್ಚಿನದೇನೂ ಸಿಗದಿರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ವಿಮೆ ಮಾರುವವನಾಗಿದ್ದೂ ಇದನ್ನು ಹೇಳುತ್ತೇನೆ.

ನ್ಯಾಯಾಲಯಗಳು ಹೀಗೆ ನೋಡಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಡಿ ಸುಪ್ರೀಂ ಕೋರ್ಟಿನವರೆಗೆ ಹೋಗಿ 1975ರಲ್ಲಿ ತೀರ್ಮಾನವಾದ ಒಂದು ಪ್ರಕರಣದಲ್ಲಿ, ಬಡಗಿಯೊಬ್ಬರ ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಗಿ ಬಂದಿತ್ತು. ಒಂದೇ ಕೈಯಲ್ಲಿ ಬಡಗಿತನ ಮಾಡಲಾಗದು, ಆದ್ದರಿಂದ ಗಳಿಕೆಯ ನಷ್ಟ ನೂರಕ್ಕೆ ನೂರು ಎಂಬುದನ್ನು ನ್ಯಾಯಾಲಯ ಒಪ್ಪಿತು. 2010ರಲ್ಲಿ ರಾಜ್ ಕುಮಾರ್ ಪ್ರಕರಣದಲ್ಲಿ, ವಾಹನ ಅಪಘಾತದ ಪರಿಹಾರ ಲೆಕ್ಕ ಹಾಕುವಾಗ, ಎಡಗೈ ಕಳೆದುಕೊಂಡವರು ಚಾಲಕರೋ ಬಡಗಿಯೋ ಆಗಿದ್ದರೆ ನಷ್ಟ ಹೆಚ್ಚುಕಡಿಮೆ ಪೂರ್ಣ, ಸರ್ಕಾರಿ ಗುಮಾಸ್ತರಾಗಿದ್ದರೆ ನೌಕರಿಯೇ ಹೋಗದಿರಬಹುದು ಎಂದು ಅದೇ ನ್ಯಾಯಾಲಯ ಬಿಡಿಸಿ ಹೇಳಿತು. ಅಮೆರಿಕದಲ್ಲಿ ಸ್ವಂತ ವೃತ್ತಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡ ಪಾಲಿಸಿಗಳಿವೆ: ಶಸ್ತ್ರವೈದ್ಯರ ಕೈ ನಡುಗತೊಡಗಿದರೆ, ಅವರು ಪಾಠ ಹೇಳಿ ಗಳಿಸುತ್ತಿದ್ದರೂ ಹಣ ಬರುತ್ತದೆ. ಅಲ್ಲಿಯೂ ಮೈಮುರಿದು ದುಡಿಯುವವರಿಗೆ ಅಂಥ ಷರತ್ತು ಸಿಗುವುದು ಕಷ್ಟ, ಸಿಕ್ಕರೂ ಕೆಲವು ವರ್ಷಗಳ ಮಟ್ಟಿಗೆ ಮಾತ್ರ.

ಹಾಗಾದರೆ ಈಗ ಮಾಡುವುದೇನು? ಮಾಸ್ಟರಿಗೆ ನಾನು ಲೆಕ್ಕವನ್ನು ತಿರುಗಿಸಿ ಹಾಕಿ ತೋರಿಸಿದೆ. ಸತ್ತರೆ ಎಷ್ಟು ಬೇಕು ಎಂದು ಶುರುಮಾಡಬೇಡಿ, ಹೆಬ್ಬೆರಳು ಹೋದರೆ ಎಷ್ಟು ಬೇಕು ಎಂದು ಶುರುಮಾಡಿ. ಹತ್ತು ಲಕ್ಷ ಬೇಕೆಂದರೆ ಪಾಲಿಸಿ ನಲವತ್ತು ಲಕ್ಷದ್ದಾಗಬೇಕು. ಗಾಯದ ಕಾಲಕ್ಕೆ ವಾರದ ಹಣ ಕೊಡುವ ಸೌಲಭ್ಯವನ್ನು ಪಾಲಿಸಿಯಲ್ಲಿ ಕೇಳಿ ಸೇರಿಸಿಕೊಳ್ಳಬೇಕು. ವಾರಕ್ಕೆ ವಿಮಾ ಮೊತ್ತದ ಶೇ. 1, ಹೆಚ್ಚೆಂದರೆ 100 ವಾರ ಎಂಬುದು ರೂಢಿ, ವಾರದ ಮೊತ್ತಕ್ಕೂ ಒಂದು ಮಿತಿ ಇರುತ್ತದೆ. ಇಲ್ಲಿಯೇ ಮತ್ತೊಂದು ಬಾಗಿಲು ಅಡ್ಡ ಬರುತ್ತದೆ. ಎಷ್ಟು ಮೊತ್ತಕ್ಕೆ ವಿಮೆ ಕೊಡಬಹುದೆಂಬುದನ್ನು ಕಂಪನಿ ವಾರ್ಷಿಕ ಆದಾಯದ ಇಂತಿಷ್ಟು ಪಟ್ಟು ಎಂದು ಕಟ್ಟಿಹಾಕುತ್ತದೆ, ಆದಾಯಕ್ಕೆ ಕಾಗದ ಕೇಳುತ್ತದೆ. ಮನೆಯಲ್ಲಿ ದುಡಿಯುವ ಗೃಹಿಣಿಗೆ ಆದಾಯವಿಲ್ಲವೆಂದು ವಾರದ ಹಣವನ್ನೇ ಸಾಮಾನ್ಯವಾಗಿ ಕೊಡುವುದಿಲ್ಲ. ಲೆಕ್ಕ ಬರೆಯುವವರ ಬಳಿ ಸಂಬಳದ ಚೀಟಿ ಇತ್ತು. ಅವರಿಗಿಂತ ಹೆಚ್ಚು ದುಡಿಯುವ ಮಾಸ್ಟರಿಗೆ ಶನಿವಾರದ ಬಟವಾಡೆ ನಗದಿನಲ್ಲಿ ಬರುತ್ತಿತ್ತು, ತೋರಿಸಲು ಒಂದು ಕಾಗದವೂ ಇರಲಿಲ್ಲ.

ಅವರು ಸದ್ಯಕ್ಕೆ ಎರಡನೆಯ ವರ್ಗದ ದರದಲ್ಲಿ, ಕಟಿಂಗ್ ಮಷೀನ್ ನಡೆಸುವವರು ಎಂದೇ ಬರೆಸಿ, ಹತ್ತು ಲಕ್ಷದ ಪಾಲಿಸಿ ತೆಗೆದುಕೊಂಡಿದ್ದಾರೆ. ಮಾಲೀಕರೊಡನೆ ಮಾತಾಡಿ ಬಟವಾಡೆಯನ್ನು ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳತೊಡಗಿದ್ದಾರೆ. ಒಂದು ವರ್ಷದ ಲೆಕ್ಕ ಕೈಗೆ ಬಂದ ಮೇಲೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ, ಮೊತ್ತ ಹೆಚ್ಚಿಸಲು ಅರ್ಜಿ ಹಾಕುವುದೆಂದು ಮಾತಾಗಿದೆ.