ಮುಂಬೈಯಿಂದ ಲಂಡನ್‌ಗೆ: ವಿಮಾನದಲ್ಲಿ ಹತ್ತು ಗಂಟೆ, ದಾರಿಯಲ್ಲಿ ಹತ್ತೊಂಬತ್ತು

ಟಿಕೆಟ್ ನೋಡಿದ ಅಮ್ಮ, "ರಾತ್ರಿ ಎರಡಕ್ಕೆ ಹತ್ತಿದರೆ ಬೆಳಿಗ್ಗೆ ಏಳೂವರೆಗೆ ಲಂಡನ್ನಾ? ನಮ್ಮ ಹುಬ್ಬಳ್ಳಿಗೆ ಹೋಗೋಕೇ ಇದಕ್ಕಿಂತ ಜಾಸ್ತಿ ಹೊತ್ತು ಬೇಕಲ್ಲೋ!" ಅಂದರು. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ನಾವು ಹೋದದ್ದು ಜೂನ್‌ನಲ್ಲಿ. ಹಾಗಾಗಿ ಕೂತಿದ್ದು ಹತ್ತು ಗಂಟೆ.

ದೂರ ನೇರವಾಗಿ ಅಳೆದರೆ ಸುಮಾರು 7,200 ಕಿ.ಮೀ. ಗಂಟೆಗೆ 900 ಕಿ.ಮೀ. ವೇಗ ಅಂತ ಲೆಕ್ಕ ಹಾಕಿದರೆ ಎಂಟೇ ಗಂಟೆ ಬರುತ್ತದೆ, ಅಲ್ವಾ? ಆದರೆ ವಿಮಾನ ನೇರ ಗೆರೆಯಲ್ಲಿ ಹೋಗುವುದಿಲ್ಲ. ರನ್‌ವೇಗೆ ಹೋಗಿ ಸರದಿಗೆ ಕಾಯುವ ಹೊತ್ತೂ ಆ ಹತ್ತು ಗಂಟೆಯಲ್ಲೇ ಸೇರಿರುತ್ತದೆ. ಜೊತೆಗೆ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಅದಕ್ಕೇ ವಾಪಸು ಬರುವಾಗ ನಮಗೆ ಒಂಬತ್ತೇ ಗಂಟೆ ಸಾಕಾಯಿತು.

ತಾರೀಕಿನ ಬಗ್ಗೆ ತುಂಬಾ ಎಚ್ಚರ ಇರಲಿ. ಟಿಕೆಟ್‌ನಲ್ಲಿ 15ನೇ ತಾರೀಕು ಬೆಳಗಿನ ಜಾವ 2 ಅಂತಿದ್ದರೆ 14ರ ರಾತ್ರಿಯೇ ಮನೆ ಬಿಡಬೇಕು. ನಾವು ಡೊಂಬಿವಲಿಯಿಂದ ಎಂಟಕ್ಕೆ ಹೊರಟು, ಟ್ರಾಫಿಕ್ ದಾಟಿ ಹತ್ತಕ್ಕೆ ಸಹಾರದ ವಿಮಾನ ನಿಲ್ದಾಣದ ಟರ್ಮಿನಲ್ 2 (ಟಿ2) ತಲುಪಿದೆವು. ಮೂರು ಗಂಟೆ ಮೊದಲು ಅಲ್ಲಿರಲೇಬೇಕು. ಸಾಮಾನು ಕಡಿಮೆ ಇದ್ದು, ವಿಮಾನ ಹಗಲಲ್ಲಿದ್ದರೆ ಮೆಟ್ರೊ 3 ಒಳ್ಳೆಯದು. ಟಿ2ಗೇ ನಿಲ್ದಾಣ ಇದೆ.

ಅಕ್ಕನಿಗೆ ಅಂತ ಅಮ್ಮ ಧಾರವಾಡ ಪೇಡಾ, ತುಪ್ಪ ಕಟ್ಟಿಟ್ಟಿದ್ದರು. ಎರಡನ್ನೂ ತೆಗೆಸಿದೆ. ಭಾರತದಿಂದ ಹಾಲಿನ ಪದಾರ್ಥವನ್ನು ಬ್ರಿಟನ್‌ಗೆ ಒಯ್ಯುವಂತಿಲ್ಲ. ಅಮ್ಮನ ಮುಖ ಸಣ್ಣದಾಯಿತು. ಅವುಗಳ ಬದಲು ಚಟ್ನಿಪುಡಿ, ಮಾವಿನ ಉಪ್ಪಿನಕಾಯಿ ಹೋದವು. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ.

ಆರು ಗಂಟೆ ಕೂತ ಮೇಲೆ ಅಮ್ಮನ ಪಾದ ಊದಿಕೊಂಡಿತ್ತು. ಬಿಚ್ಚಿಟ್ಟ ಚಪ್ಪಲಿಗೆ ಕಾಲು ತೂರಲಿಲ್ಲ. ಆಮೇಲೆ ಗಂಟೆಗೊಮ್ಮೆ ಎಬ್ಬಿಸಿ, ಹಿಂದಿನ ಅಡುಗೆ ಕಟ್ಟೆವರೆಗೆ ನಡೆಸಿ, ನೀರು ಕುಡಿಸಿದೆ. ಇದನ್ನು ಮೊದಲಿಂದಲೇ ಮಾಡಬೇಕಿತ್ತು. ಹಿರಿಯರಿಗೆ ಅಂಚಿನ ಸೀಟು ತಗೊಳ್ಳಿ, ಸಡಿಲ ಚಪ್ಪಲಿ ಹಾಕಿಸಿ. ಗಾಲಿಕುರ್ಚಿಯನ್ನು ಎರಡು ದಿನ ಮೊದಲೇ ಹೇಳಿಡಿ. ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ನಡಿಗೆ ತುಂಬಾ ಉದ್ದ.

ಅಲ್ಲಿಂದ ಊರೊಳಗೆ ಹೋಗುವ ರೈಲುಗಳಲ್ಲಿ ಪಿಕಡಿಲಿ ಲೈನ್ ಅಗ್ಗ, ಎಲಿಜಬೆತ್ ಲೈನ್ ಬೇಗ. ಅಕ್ಕನ ಮನೆ ಬಾಗಿಲು ತಟ್ಟಿದಾಗ ಅಲ್ಲಿ ಹತ್ತೂವರೆ. ಅಮ್ಮನ ಕೈಗಡಿಯಾರದಲ್ಲಿ ಮಾತ್ರ ಮಧ್ಯಾಹ್ನ ಮೂರು. ಅಕ್ಕ ಸಾರನ್ನ ಮಾಡಿಟ್ಟಿದ್ದಳು.