ಮರಳುಗಾಡಿನ ಮಡಿಲಲ್ಲಿ ತಿಮಿಂಗಿಲಗಳು

ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾ ಸುರ್ ರಾಜ್ಯದಲ್ಲಿ, ಆಳೆತ್ತರವನ್ನೂ ಮೀರಿ ಬೆಳೆದ ಕಾರ್ಡೋನ್ ಕಳ್ಳಿಗಳ ನಡುವಿನ ದಾರಿ ಸವೆಸಿ ಸಾನ್ ಇಗ್ನಾಸಿಯೋ ಊರನ್ನು ತಲುಪಿದಾಗ, ಖರ್ಜೂರದ ತೋಪಿನ ನೆರಳು ಕಂಡೇ ನನ್ನ ದಣಿವು ಆರಿತು. ಜೆಸ್ವಿಟ್ ಪಾದ್ರಿಗಳು 1728ರಲ್ಲಿ ಇಲ್ಲಿ ಮಿಷನ್ ಸ್ಥಾಪಿಸಿದ್ದರು.

ಆದರೆ ನನ್ನನ್ನು ಅಷ್ಟು ದೂರ ಎಳೆದು ತಂದದ್ದು ಅದೇ ಹೆಸರಿನ ಹಿನ್ನೀರು. ಅಲಾಸ್ಕಾದ ಕಡೆಯ ತಣ್ಣನೆಯ ಕಡಲಿನಿಂದ ಸಾವಿರಾರು ಕಿಲೋಮೀಟರ್ ಈಜಿ ಬರುವ ಬೂದು ತಿಮಿಂಗಿಲಗಳು ಚಳಿಗಾಲದಲ್ಲಿ ಇಲ್ಲಿ ಮರಿ ಹಾಕುತ್ತವೆ. ನಮ್ಮ ದೋಣಿಯ ಅಂಚಿಗೇ ಬಂದು ನಿಂತ ತಾಯಿಯ ಬೆನ್ನಿಗೆ ಬಿಳಿ ಚಿಪ್ಪುಜೀವಿಗಳು ಒತ್ತಾಗಿ ಅಂಟಿಕೊಂಡಿದ್ದವು. ಅದು ಉಸಿರು ಬಿಟ್ಟಾಗ ಚಿಮ್ಮಿದ ಹನಿಗಳು ನನ್ನ ಮುಖವನ್ನು ತೋಯಿಸಿದವು. ಈ ಹಿನ್ನೀರು 1993ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣವಾಗಿದೆ. ಹೋಗುವುದಾದರೆ ಫೆಬ್ರುವರಿಯಲ್ಲೇ ಹೋಗಬೇಕು.