ಎದ್ದು ಹೋಗಬಹುದಾದ ಕೆಲಸ, ಏಳಲಾಗದ ಕೆಲಸ

ಕೂಸು ಸಣ್ಣದು, ಮನೆ ಬಿಟ್ಟು ಹೋಗುವಂತಿಲ್ಲ, ಆದರೆ ಕೈಗೆ ನಾಲ್ಕು ಕಾಸು ಬೇಕು. ಶಿರಸಿ ಸೀಮೆಯಲ್ಲಿ ಇದಕ್ಕೆ ಮೊದಲು ಸಿಗುವ ಉತ್ತರ ‘ಹಲಸಿನ ಹಪ್ಪಳ ಮಾಡು’. ಉತ್ತರ ತಪ್ಪಲ್ಲ. ಹೇಳುವವರು ಹಪ್ಪಳದ ಲೆಕ್ಕ ಹೇಳುತ್ತಾರೆ, ಕೂಸಿನ ಲೆಕ್ಕ ಬಿಟ್ಟುಬಿಡುತ್ತಾರೆ ಅಷ್ಟೆ.

ಯಾವ ಕೆಲಸ ಹಿಡಿದರೂ ಮೊದಲು ನೋಡಬೇಕಾದ್ದು ಒಂದೇ: ಮಗು ಅತ್ತಾಗ ಕೈಯಲ್ಲಿದ್ದದ್ದನ್ನು ಅಲ್ಲಿಗೇ ಬಿಟ್ಟು ಏಳಲು ಆಗುತ್ತದೆಯೇ? ಅಡಿಕೆ ಸುಲಿಯುವ ಕೆಲಸಕ್ಕೆ ಕೂಲಿ ಚೆನ್ನಾಗಿದೆ. ಆದರೆ ಅಂಬೆಗಾಲಿಡುವ ಮಗುವಿನ ಪಕ್ಕದಲ್ಲಿ ಅಲಗು ಮೇಲೆ ಮಾಡಿ ನಿಂತ ಮೆಟ್ಟುಗತ್ತಿ ಇರಬಾರದು. ಕಾರವಾರ, ಅಂಕೋಲೆಯ ಮೀನಿನ ಕೆಲಸ ದೋಣಿ ಬಂದ ಹೊತ್ತಿಗೆ ನಡೆಯುತ್ತದೆ, ಕೂಸು ಎದ್ದ ಹೊತ್ತಿಗಲ್ಲ. ಮನೆಯಲ್ಲಿ ಅಜ್ಜಿಯೋ ಅತ್ತಿಗೆಯೋ ಇಲ್ಲದಿದ್ದರೆ ಅದು ನಡೆಯುವುದಿಲ್ಲ. ಹಪ್ಪಳದ ಕೆಲಸವನ್ನು ಮಾತ್ರ ತುಂಡು ತುಂಡಾಗಿ ಒಡೆಯಬಹುದು. ಎಲ್ಲ ತುಂಡೂ ಒಂದೇ ಥರದ್ದಲ್ಲ ಎಂಬುದು ಗೊತ್ತಿರಬೇಕು.

ಕಾಯಿಯಿಂದ ಶುರು ಮಾಡೋಣ. ಚೆನ್ನಾಗಿ ಬಲಿತ, ಹಣ್ಣಿನ ಕಡೆಗೆ ಇನ್ನೂ ವಾಲದ ಕಾಯಿ ಬೇಕು. ಸೊಳೆ (ಹಲಸಿನ ತೊಳೆ) ಮುರಿದರೆ ಟಕ್ಕೆನ್ನಬೇಕು, ಬಣ್ಣ ಬಿಳಿಯಿಂದ ತುಸು ಹಳದಿಗೆ ತಿರುಗಿರಬೇಕು. ಸಿಹಿ ಹತ್ತಿದ ಕಾಯಿಯ ಹಪ್ಪಳ ಎಣ್ಣೆಗೆ ಬಿದ್ದೊಡನೆ ಕೆಂಪಾಗುತ್ತದೆ, ಅರಳುವ ಮೊದಲೇ ಕರಕಲಾಗುತ್ತದೆ. ಎಳೆಯದಾದರೆ ನಾರು ನಾರು. 10 ಕೆಜಿಯ ಕಾಯಿಯಲ್ಲಿ ಬೇಳೆ (ಬೀಜ), ನಾರು, ಸಿಪ್ಪೆ ಕಳೆದು ಹೆಚ್ಚುಕಡಿಮೆ 3 ಕೆಜಿ ಸೊಳೆ ಸಿಗುತ್ತದೆ. ಅದರಿಂದ ಅಂಗೈಯಗಲದ ಹಪ್ಪಳ 120ರ ಆಸುಪಾಸು.

ಕಾಯಿ ಕೊರೆದು ಸೊಳೆ ಬಿಡಿಸುವುದು ಎದ್ದು ಹೋಗಬಹುದಾದ ಕೆಲಸ. ತೊಂದರೆ ಇರುವುದು ಮೇಣದ್ದು. ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಂಡೇ ಕೂರಬೇಕು. ಮಗು ಅತ್ತಾಗ ಮೇಣದ ಕೈಯಲ್ಲಿ ಎತ್ತಿಕೊಂಡರೆ ಅದರ ಕೂದಲು ಕತ್ತರಿಸುವುದೇ ಗತಿ. ಹಳೇ ಬಟ್ಟೆ, ಎಣ್ಣೆ ಬಟ್ಟಲು ಪಕ್ಕದಲ್ಲೇ ಇರಲಿ: ಮೊದಲು ಎಣ್ಣೆಯಲ್ಲಿ ಉಜ್ಜಿ, ಆಮೇಲೆ ಸೋಪು. ಬೇಳೆಯನ್ನು ಆಗಿಂದಾಗಲೇ ಎತ್ತರದಲ್ಲಿಡಿ. ಎರಡು ವರ್ಷದ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಲು ಹಲಸಿನ ಬೇಳೆಯಂಥ ಅಳತೆ ಇನ್ನೊಂದಿಲ್ಲ. ಬಿಡಿಸಿದ ಸೊಳೆ ಮುಚ್ಚಿಟ್ಟರೆ ಮೂರು ನಾಲ್ಕು ತಾಸಿಗೆ ಏನೂ ಆಗುವುದಿಲ್ಲ. ಮಗುವಿಗೆ ಜ್ವರ ಬಂದು ಅವತ್ತಿನ ಕೆಲಸವೇ ಕೆಟ್ಟಿತು ಅನ್ನಿ, ಐದು ಪಾಲು ಸೊಳೆಗೆ ಒಂದು ಪಾಲು ಕಲ್ಲುಪ್ಪು ಪದರ ಪದರವಾಗಿ ಹಾಕಿ ಭರಣಿಗೆ ತುಂಬಿ. ಹಪ್ಪಳ ಹೋಯಿತು, ಮಳೆಗಾಲದ ಪಲ್ಯಕ್ಕೆ ಉಪ್ಪುಸೊಳೆಯಾಯಿತು.

ಏಳಲಾಗದ ಕೆಲಸ ಇಲ್ಲಿಂದ ಮುಂದಿನದು. ಸೊಳೆಯನ್ನು ಹಬೆಯಲ್ಲಿ 20ರಿಂದ 25 ನಿಮಿಷ, ಬೆರಳಲ್ಲಿ ಹಿಚುಕಿದರೆ ಹಿಟ್ಟಾಗುವಷ್ಟು ಬೇಯಿಸಬೇಕು. ನೀರಿನಲ್ಲಿ ಕುದಿಸಬಾರದು, ಹಿಟ್ಟು ತೆಳುವಾಗಿ ಹಾಳೆಗೆ ಅಂಟುತ್ತದೆ. ಬಿಸಿ ಇರುವಾಗಲೇ ಒರಳಲ್ಲಿ ಒನಕೆ ಹಾಕಿ, ಗಂಟು ಉಳಿಯದಂತೆ ಕುಟ್ಟಬೇಕು. ಮಿಕ್ಸಿ ನೀರು ಕೇಳುತ್ತದೆ, ಹಾಗಾಗಿ ಅದು ಆಗುವುದಿಲ್ಲ. ಒಂದು ಕೆಜಿ ಸೊಳೆಗೆ ಉಪ್ಪು 10ರಿಂದ 12 ಗ್ರಾಂ, ಮೆಣಸಿನ ಪುಡಿ ಅಷ್ಟೇ, ಜೀರಿಗೆ ಒಂದು ಚಮಚ, ಚಿಟಿಕೆ ಇಂಗು. ಹೊಸಬರು ತಪ್ಪುವುದು ಉಪ್ಪಿನಲ್ಲಿ. ಹಸಿ ಹಿಟ್ಟಿನ ರುಚಿ ನೋಡಿ ‘ಸರಿಯಾಗಿದೆ’ ಅನ್ನಿಸಿದರೆ ಅದು ಹೆಚ್ಚಾಗಿದೆ ಎಂದೇ ಲೆಕ್ಕ. ಒಂದು ಕೆಜಿ ಹಿಟ್ಟು ಒಣಗಿ ಕಾಲು ಕೆಜಿಗಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ, ಉಪ್ಪು ಮಾತ್ರ ಹಾಕಿದಷ್ಟೇ ಉಳಿಯುತ್ತದೆ.

ಹಿಟ್ಟು ಬೆಚ್ಚಗಿರುವಾಗಲೇ ಒತ್ತಿ ಮುಗಿಸಬೇಕು. ನಿಂಬೆಗಾತ್ರದ ಉಂಡೆ, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆ, ಮೇಲೊಂದು ಮಣೆ. ತಣಿದ ಹಿಟ್ಟಿನ ಹಪ್ಪಳ ಅಂಚಿನಲ್ಲಿ ಸೀಳುತ್ತದೆ, ಒಣಗಿದ ಮೇಲೆ ಅದೇ ಸೀಳಿನಿಂದ ಮುರಿಯುತ್ತದೆ. ನಡು ದಪ್ಪವಾದರೆ ಕರಿದಾಗ ನಡುವೆ ಗಟ್ಟಿ ಉಳಿಯುತ್ತದೆ. ಬೇಯಿಸುವುದರಿಂದ ಒತ್ತಿ ಮುಗಿಸುವವರೆಗೆ ಒಬ್ಬರಿಗೆ ಒಂದು ಕಾಯಿಗೆ ಮೂರು ತಾಸು ಹಿಡಿಯುತ್ತದೆ. ಮಗು ಬೆಳಿಗ್ಗೆ ಮಲಗುವ ಒಂದು ತಾಸಿನಲ್ಲಿ ಇದು ಮುಗಿಯುವುದಿಲ್ಲ. ಅದಕ್ಕೇ ಒಬ್ಬರೇ ಇದ್ದರೆ ಒಂದು ಸಲಕ್ಕೆ ಒಂದು ಕೆಜಿ ಸೊಳೆಗಿಂತ ಹೆಚ್ಚು ಬೇಯಿಸಬೇಡಿ. ಕಾಯಿ ಕೊರೆದು ಸೊಳೆ ಬಿಡಿಸುವುದು ಅದಕ್ಕೂ ಮೊದಲೇ ಮುಗಿದಿರಲಿ.

ಖಾರದ ವಿಚಾರ ಮೊಲೆಯೂಡಿಸುವ ತಾಯಂದಿರು ಮರೆಯಬಾರದು. ಮೆಣಸಿನ ಪುಡಿಯನ್ನು ಸೌಟಿನಲ್ಲೇ ಕಲಸಿ. ಖಾರದ ಕೈ ಒಂದು ಸಲ ತೊಳೆದರೆ ಹೋಗುವುದಿಲ್ಲ, ಮಗುವಿನ ಕಣ್ಣಿಗೆ ತಾಗಿದಾಗಲೇ ಗೊತ್ತಾಗುವುದು. ಖಾರವಿಲ್ಲದ ಹಿಟ್ಟನ್ನು ಮೊದಲು ಒತ್ತಿ ಮುಗಿಸುವುದು ಜಾಣತನ. ಮಕ್ಕಳಿರುವ ಮನೆಯವರು ಸಪ್ಪೆ ಹಪ್ಪಳವನ್ನು ಕೇಳಿ ಒಯ್ಯುತ್ತಾರೆ. ಹಸಿ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕಿ ಕೇಳುವ ದೊಡ್ಡ ಮಕ್ಕಳ ಪಾಲನ್ನೂ ಅದರಲ್ಲೇ ತೆಗೆದಿಡಬಹುದು. ಆ ಪಾಲನ್ನು ಲೆಕ್ಕದಲ್ಲಿ ‘ನಷ್ಟ’ದ ಕೆಳಗೆ ಬರೆಯುವವರೂ ಇದ್ದಾರೆ!

ಒಣಗಿಸಲು ಎರಡು ಮೂರು ಒಳ್ಳೆ ಬಿಸಿಲು ಬೇಕು. ಮೊದಲ ದಿನ ಮಧ್ಯಾಹ್ನ, ಅಂಚು ಎದ್ದ ಮೇಲೆ ತಿರುವಿ ಹಾಕಬೇಕು. ತಡವಾದರೆ ಬಟ್ಟಲಿನಂತೆ ಮಡಚಿಕೊಂಡು ಡಬ್ಬಿಯಲ್ಲಿ ಪುಡಿಯಾಗುತ್ತದೆ. ಏಪ್ರಿಲ್ ಮುಗಿಯುತ್ತಲೇ ಸಂಜೆ ಗುಡುಗು ಮಳೆ ಶುರು, ಹಾಗಾಗಿ ಮೂರು ಗಂಟೆಯ ಮೇಲೆ ಅಂಗಳ ನಂಬುವಂತಿಲ್ಲ. ಹಂಗಾಮು ಶಾಲೆಯ ಬೇಸಿಗೆ ರಜೆಯಲ್ಲೇ ಬೀಳುವುದರಿಂದ ಕಾಗೆ, ಕೋಳಿ ಓಡಿಸಲು ದೊಡ್ಡ ಮಗು ಸಿಗುತ್ತದೆ. ಚಾಪೆಯನ್ನು ನೆಲಕ್ಕಿಂತ ಮಂಚದ ಮೇಲೆ ಹರಡಿದರೆ ಸಣ್ಣದರ ಕೈಗೂ ಎಟುಕುವುದಿಲ್ಲ.

ಇನ್ನು ದುಡ್ಡು. ನೂರು ಹಪ್ಪಳಕ್ಕೆ 250 ರೂಪಾಯಿ ಎಂದು ಇಟ್ಟುಕೊಳ್ಳೋಣ. ಅಂಗಡಿಯವರ ಪಾಲು ಐದರಲ್ಲೊಂದು ಎಂದರೆ 50, ಮುರಿದದ್ದು 25, ಉಪ್ಪು-ಮೆಣಸು-ಎಣ್ಣೆ-ಉರುವಲು 25, ಪ್ಯಾಕೆಟ್ಟು 15. ಉಳಿದದ್ದು 135. ಕಾಯಿ ಮನೆಯದೇ ಆದರೆ ಇಷ್ಟು. ಒಂದು ಕಾಯಿಗೆ ಒಟ್ಟು ಐದು ತಾಸು ಹಿಡಿದರೆ 120 ಹಪ್ಪಳಕ್ಕೆ 162 ರೂಪಾಯಿ, ತಾಸಿಗೆ 32. ಇದನ್ನು ಮುಚ್ಚಿಟ್ಟು ‘ಮನೆಯಲ್ಲೇ ಕೂತು ಗಳಿಸಿ’ ಎನ್ನುವುದು ಅಷ್ಟು ಸರಿಯಲ್ಲ.

ನಾಲ್ಕು ಮನೆಯವರು ಸೇರಿದರೆ ಲೆಕ್ಕ ಬದಲಾಗುತ್ತದೆ. ಒಬ್ಬರು ಬೇಯಿಸಿ ಕುಟ್ಟುವುದು, ಒಬ್ಬರು ಉಂಡೆ ಕಟ್ಟುವುದು, ಒಬ್ಬರು ಒತ್ತಿ ಹರಡುವುದು. ಹಿಟ್ಟು ತಣಿಯುವ ಮಾತೇ ಇಲ್ಲ, ಸೀಳುವುದೂ ಕಡಿಮೆ. ನಾಲ್ಕನೆಯವರು ಎಲ್ಲರ ಮಕ್ಕಳನ್ನೂ ಒಂದು ಜಗಲಿಯಲ್ಲಿ ನೋಡಿಕೊಳ್ಳುವುದು. ಇಂಥ ಗುಂಪು ಒಡೆಯುವುದೂ ಇಲ್ಲೇ. ‘ಅವಳು ಹಪ್ಪಳ ಮುಟ್ಟಲೇ ಇಲ್ಲ’ ಎಂಬ ಮಾತು ಎರಡನೇ ವಾರಕ್ಕೆ ಬರುತ್ತದೆ. ಮಗು ನೋಡಿದವರಿಗೂ ಸಮಪಾಲು ಎಂದು ಮೊದಲ ದಿನವೇ ಪುಸ್ತಕದಲ್ಲಿ ಬರೆದು, ಆ ಸರದಿಯನ್ನು ದಿನಕ್ಕೊಬ್ಬರಂತೆ ತಿರುಗಿಸಿ. ಐದು ಮಕ್ಕಳನ್ನು ಐದು ತಾಸು ನೋಡಿದವರು ಮರುದಿನ ಒನಕೆಯೇ ವಾಸಿ ಎಂದು ತಾವಾಗಿಯೇ ಹೇಳುತ್ತಾರೆ. ಮೂರು ದಾಟಿದ ಮಕ್ಕಳಿಗೆ ಅಂಗನವಾಡಿ ಇದೆ. ಅದಕ್ಕೂ ಸಣ್ಣವಕ್ಕೆ ನಿಮ್ಮ ಪಂಚಾಯ್ತಿಯಲ್ಲಿ ‘ಕೂಸಿನ ಮನೆ’ (ಸಣ್ಣ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರ) ನಡೆಯುತ್ತಿದೆಯೇ ಎಂದು ವಿಚಾರಿಸಿ.

ಅಂಗಡಿಗೆ ಕೊಡುವುದಾದರೆ ಆಹಾರ ಸುರಕ್ಷತೆಯ ನೋಂದಣಿ ಬೇಕು. ಸಣ್ಣ ತಯಾರಕರಿಗೆ ಆಧಾರ್, ಫೋಟೊ ಇದ್ದರೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ, ಹಾಕಿದ ಪದಾರ್ಥ, ತೂಕ, ತಯಾರಿಸಿದ ದಿನ, ಎಷ್ಟು ತಿಂಗಳೊಳಗೆ ಬಳಸಬೇಕು, ಬೆಲೆ, ವಿಳಾಸ ಇಷ್ಟೂ ಚೀಟಿಯಲ್ಲಿರಲಿ. ಶಿರಸಿ ಪೇಟೆಗೆ ಒಯ್ಯಲು 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಖರ್ಚಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷ ಹಿಂದಿನ ಬೇಸಿಗೆಯದ್ದೇ ಒಂದು ಡಬ್ಬಿ ಎತ್ತಿಡಿ, ಜಾತ್ರೆಯ ಹೊತ್ತಿಗೆ ಹೊಸ ಕಾಯಿ ಇನ್ನೂ ಬಲಿತಿರುವುದಿಲ್ಲ.

ಮೇ ಕೊನೆಗೆ ಶಾಲೆ ಬಾಗಿಲು ತೆಗೆಯುತ್ತದೆ. ಪುಸ್ತಕ, ಛತ್ರಿ, ಯೂನಿಫಾರ್ಮು ಎಲ್ಲ ಒಟ್ಟಿಗೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳೂ ಕಡಲಿಗಿಳಿಯುವುದಿಲ್ಲ, ಅಲ್ಲಿನ ಮನೆಗಳಲ್ಲಿ ಕೈ ಇನ್ನೂ ಬಿಗಿ. ಹಾಗಾಗಿ ಶಾಲೆಯ ಖರ್ಚಿಗೆ ಬೇಕಾದಷ್ಟು ಹಪ್ಪಳವನ್ನು ಮಾತ್ರ ಮೇ ತಿಂಗಳಲ್ಲಿ ಮಾರಿ. ಆಗ ಎಲ್ಲರ ಮನೆಯದೂ ಪೇಟೆಗೆ ಬಂದು ದರ ಇಳಿದಿರುತ್ತದೆ. ಉಳಿದದ್ದನ್ನು ಮಳೆ ಹಿಡಿಯುವ ಮೊದಲು ಇನ್ನೊಂದು ಬಿಸಿಲು ಕಾಯಿಸಿ, ಪೂರ್ತಿ ಆರಿದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಹದಿನೈದು ದಿನಕ್ಕೆ ಬೂಸ್ಟು ಬರುತ್ತದೆ. ಒಂದು ಹಪ್ಪಳ ಮುರಿದು ನೋಡಿ. ಚಟ್ಟೆಂದು ಮುರಿಯದೆ ಬಾಗಿದರೆ ಆ ಡಬ್ಬಿ ಇನ್ನೂ ಅಟ್ಟಕ್ಕೆ ಏರುವಂತಿಲ್ಲ.